ಹಾರ್ವಿಯ ಹಿಂದೆ ಹೋದ ಪಿಕಪ್: ರಾಕ್‌ಪೋರ್ಟಿನಿಂದ ಮನೆಬಾಗಿಲಿಗೆ

ಬುಧವಾರ, 23 ಆಗಸ್ಟ್ 2017

ಸೋಮವಾರದ ಸೂರ್ಯಗ್ರಹಣದ ಮಾತು ಕಚೇರಿಯಲ್ಲಿ ಇನ್ನೂ ಮುಗಿದಿರಲಿಲ್ಲ. ನನ್ನ ಗಮನ ಮಾತ್ರ ಮೆಕ್ಸಿಕೋ ಕೊಲ್ಲಿಯ ನೈಋತ್ಯ ಮೂಲೆಯಲ್ಲಿತ್ತು. ಕೆರಿಬಿಯನ್ ಸಮುದ್ರದಲ್ಲಿ ಕರಗಿಹೋಯಿತೆಂದು ನಾವೆಲ್ಲ ಕೈಬಿಟ್ಟಿದ್ದ ಹಾರ್ವಿ ಎಂಬ ಬಿರುಗಾಳಿ ಯುಕಟಾನ್ ಪರ್ಯಾಯದ್ವೀಪವನ್ನು ದಾಟಿ ಬಂದು, ಕಾಂಪೆಚೆ ಕೊಲ್ಲಿಯ ಬೆಚ್ಚನೆಯ ನೀರಿನ ಮೇಲೆ ಆ ದಿನ ಮತ್ತೆ ಜೀವ ಹಿಡಿದಿತ್ತು. ಟೆಕ್ಸಾಸ್ ಕರಾವಳಿಗೂ ಅದಕ್ಕೂ ನಡುವೆ ಇದ್ದದ್ದು ಎರಡು ದಿನದ ದಾರಿ ಮಾತ್ರ.

ನಾನು ಕುಂದಾಪುರದವನು. ಹ್ಯೂಸ್ಟನ್ ನಗರದ ಪಶ್ಚಿಮಕ್ಕಿರುವ ಕೇಟಿಯಲ್ಲಿ ನಮ್ಮ ಮನೆ. 2008ರ ಸೆಪ್ಟೆಂಬರಿನಲ್ಲಿ ಐಕ್ ಎಂಬ ಹರಿಕೇನ್, ಎಂದರೆ ಭಾರಿ ಚಂಡಮಾರುತ, ಗ್ಯಾಲ್ವೆಸ್ಟನ್ ಬಳಿ ನೆಲಕ್ಕೆ ಬಂದ ರಾತ್ರಿ, ಮನೆಯೊಳಗೆ ಕುಳಿತು ಅದರ ಸದ್ದನ್ನು ಕೇಳಿದಾಗಲೇ ಈ ಗಾಳಿಯನ್ನು ಹತ್ತಿರದಿಂದ ಅಳೆಯಬೇಕೆಂಬ ಹಂಬಲ ನನ್ನಲ್ಲಿ ಹುಟ್ಟಿತು. ಆಮೇಲೆ ರಾಷ್ಟ್ರೀಯ ಹವಾಮಾನ ಸೇವೆಯವರು ಸಾರ್ವಜನಿಕರಿಗೆ ಕೊಡುವ, ಬಿರುಗಾಳಿಯನ್ನು ಗಮನಿಸಿ ವರದಿ ಮಾಡುವ ಸ್ಕೈವಾರ್ನ್ ತರಬೇತಿಯನ್ನು ಪಡೆದೆ, ಹವ್ಯಾಸಿಗಳು ಬಳಸುವ ಹ್ಯಾಮ್ ರೇಡಿಯೋ ಪರವಾನಗಿಯನ್ನೂ ಮಾಡಿಸಿಕೊಂಡೆ. ಚಂಡಮಾರುತ ನೆಲ ಮುಟ್ಟುವ ಕಡೆ ಅಳತೆಯ ಉಪಕರಣಗಳು ಬಹಳ ವಿರಳವಾಗಿರುತ್ತವೆ. ಇದ್ದವೂ ಎಷ್ಟೋ ಸಲ ವಿದ್ಯುತ್ ಹೋಗಿ ನಿಂತುಬಿಡುತ್ತವೆ. ಅಂಥಲ್ಲಿ ಒಬ್ಬ ಮನುಷ್ಯ ಒಂದು ವಾಯುಭಾರಮಾಪಕವನ್ನು ಹಿಡಿದು ಕುಳಿತು ನಿಮಿಷ ನಿಮಿಷದ ಒತ್ತಡವನ್ನು ಬರೆದಿಟ್ಟರೆ ಅದಕ್ಕೊಂದು ಬೆಲೆಯಿದೆ ಎಂದು ನಾನು ಪೂರ್ಣ ಮನಸ್ಸಿನಿಂದ ನಂಬಿದ್ದೇನೆ.

ಆ ರಾತ್ರಿ ಪಿಕಪ್ಪನ್ನು ಅಣಿಮಾಡಿದೆ. ನನ್ನದು ನಾಲ್ಕೂ ಚಕ್ರಗಳಿಗೆ ಎಂಜಿನ್ ಶಕ್ತಿ ಹಾಯುವ, ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ಸಾಧಾರಣ ಗಾಡಿ. ಪಿಕಪ್ಪಿನ ದೊಡ್ಡ ದೌರ್ಬಲ್ಯವೆಂದರೆ ಎಂಜಿನ್ನಿನ ಭಾರವೆಲ್ಲ ಮುಂದಿರುವುದರಿಂದ ಹಿಂಭಾಗ ಹಗುರವಾಗಿರುತ್ತದೆ. ಅಡ್ಡಗಾಳಿ ಬಿದ್ದಾಗಲೂ ಒದ್ದೆ ರಸ್ತೆಯಲ್ಲಿಯೂ ಮೊದಲು ಜಾರುವುದು ಹಿಂದಿನ ಚಕ್ರಗಳೇ. ಆದ್ದರಿಂದ 50 ಪೌಂಡಿನ ಎಂಟು ಮರಳಿನ ಚೀಲಗಳನ್ನು ಹಿಂದಿನ ಅಚ್ಚಿನ ನೇರಕ್ಕೆ ಬಾಡಿಯೊಳಗೆ ಮಲಗಿಸಿದೆ. ಅದರ ಮೇಲೆ ಐದು ಗ್ಯಾಲನ್ನಿನ ನಾಲ್ಕು ಪೆಟ್ರೋಲ್ ಕ್ಯಾನುಗಳು, ಕುಡಿಯುವ ನೀರಿನ ಬಾಟಲಿಗಳ ಪೆಟ್ಟಿಗೆಗಳು, ಮರ ಕೊಯ್ಯುವ ಚೈನ್‌ಸಾ, ಟಾರ್ಪಾಲು, ಗಾಡಿ ಎಳೆಯುವ ದಪ್ಪ ಪಟ್ಟಿ, ಪಂಕ್ಚರ್ ಹಾಕುವ ಸಾಮಾನು. ಬಿರುಗಾಳಿ ಮುಗಿದ ಬೆಳಿಗ್ಗೆ ರಸ್ತೆಯ ತುಂಬ ಹೆಂಚು ಹಲಗೆಗಳಿಂದ ಕಿತ್ತು ಬಂದ ಮೊಳೆಗಳೇ ಇರುತ್ತವೆಯಾದ್ದರಿಂದ ಪಂಕ್ಚರ್ ಸಾಮಾನಿಲ್ಲದೆ ಹೊರಡುವವನು ಹಿಂದಿರುಗುವ ದಾರಿಯನ್ನು ಯೋಚಿಸಿಲ್ಲವೆಂದೇ ಅರ್ಥ.

ಕೊನೆಗೆ ಅಳತೆಪಟ್ಟಿ ಹಿಡಿದು ಎರಡು ಎತ್ತರಗಳನ್ನು ಅಳೆದು ಡ್ಯಾಶ್‌ಬೋರ್ಡಿನ ಮೇಲೆ ಚೀಟಿ ಅಂಟಿಸಿದೆ. ಚಕ್ರದ ನಡುಗುಂಬ ನೆಲದಿಂದ 15 ಇಂಚು, ಎಂಜಿನ್ ಗಾಳಿ ಎಳೆದುಕೊಳ್ಳುವ ಬಾಯಿ 38 ಇಂಚು. ಮೊದಲನೆಯದು ನಾನು ಇಳಿಯಬಹುದಾದ ನೀರಿನ ಮಿತಿ. ಎರಡನೆಯದನ್ನು ನೀರು ಮುಟ್ಟಿದರೆ ಎಂಜಿನ್ನಿನ ಕಥೆ ಮುಗಿಯಿತು.

ಗುರುವಾರ, 24 ಆಗಸ್ಟ್

ಗೌರಿ ಹಬ್ಬ. ಮಧ್ಯಾಹ್ನದ ಹೊತ್ತಿಗೆ ಹಾರ್ವಿ ಹರಿಕೇನ್ ಆಯಿತು. ಬೆಳಿಗ್ಗೆ ಕಣ್ಣಿಗೆ ಚೆದುರಿದಂತೆ ಕಾಣುತ್ತಿದ್ದ ಮೋಡ ಸಂಜೆಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ನನ್ನ ಭಾವಮೈದುನ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಓದುವವನು. ಹಬ್ಬದ ಊಟಕ್ಕೆ ಬಂದವನು ನನ್ನೊಂದಿಗೆ ತಾನೂ ಬರುತ್ತೇನೆಂದು ಹಟ ಹಿಡಿದ. ಇಬ್ಬರಿದ್ದರೆ ಒಬ್ಬನು ರಸ್ತೆ ನೋಡಬಹುದು, ಇನ್ನೊಬ್ಬನು ರೇಡಾರ್ ನೋಡಬಹುದೆಂದು ನಾನೂ ಒಪ್ಪಿದೆ.

ನನ್ನ ಹೆಂಡತಿ ಮುನ್ಸೂಚನೆಯನ್ನು ಓದುವ ಬಗೆಯೇ ಬೇರೆ. ನಾನು ಗಾಳಿಯ ವೇಗದ ಸಾಲನ್ನು ಓದುತ್ತಿದ್ದರೆ ಅವಳು ಮಳೆಯ ಸಾಲನ್ನು ಓದುತ್ತಿದ್ದಳು. "ಗಾಳಿ ಎಲ್ಲೋ ಆಚೆ ಇದೆ. ಮಳೆ ನಮ್ಮ ಮೇಲೇ ಇದೆಯಲ್ಲ, ನೋಡಿದಿರಾ? ಶನಿವಾರ ರಾತ್ರಿಯೊಳಗೆ ಮನೆಯಲ್ಲಿರಬೇಕು," ಎಂದಳು. ನೋಡಿದ್ದೆ. ಆದರೆ ಅವಳಷ್ಟು ನಿಧಾನಿಸಿ ಓದಿರಲಿಲ್ಲ.

ಶುಕ್ರವಾರ, 25 ಆಗಸ್ಟ್

ಗಣೇಶ ಚತುರ್ಥಿ. ಮಂಟಪದಲ್ಲಿ ಮಣ್ಣಿನ ಗಣಪತಿಯನ್ನು ರಾತ್ರಿಯೇ ಇಟ್ಟಾಗಿತ್ತು. ಬೆಳಗಿನ ಜಾವ ನಾಲ್ಕಕ್ಕೆ ಸ್ನಾನ ಮಾಡಿ, ಪೂಜೆಯನ್ನು ಹೆಂಡತಿಗೆ ಒಪ್ಪಿಸಿ, ಅವಳು ಕಟ್ಟಿಕೊಟ್ಟ ಪುಳಿಯೋಗರೆ ಮತ್ತು ಪಂಚಕಜ್ಜಾಯದ ಡಬ್ಬಿಗಳನ್ನು ಹಿಡಿದು ಹೊರಟೆವು.

59ನೆಯ ಹೆದ್ದಾರಿಯಲ್ಲಿ ನೈಋತ್ಯಕ್ಕೆ ವಾರ್ಟನ್, ಎಲ್ ಕ್ಯಾಂಪೊ, ವಿಕ್ಟೋರಿಯ. ಅಲ್ಲಿಂದ 77ರಲ್ಲಿ ರೆಫ್ಯೂಜಿಯೊ, ಸಿಂಟನ್. ಕೊನೆಗೆ 188ನೆಯ ರಾಜ್ಯ ಹೆದ್ದಾರಿಯಲ್ಲಿ ಪೂರ್ವಕ್ಕೆ ತಿರುಗಿ ರಾಕ್‌ಪೋರ್ಟ್. ಎದುರಿನಿಂದ ದೋಣಿ ಎಳೆದುಕೊಂಡ, ಹಾಸಿಗೆ ಕಟ್ಟಿಕೊಂಡ ವಾಹನಗಳು ಬರುತ್ತಲೇ ಇದ್ದವು. ನಾವು ಹೋಗುವ ಕಡೆಯ ರಸ್ತೆ ಖಾಲಿಯಾಗಿತ್ತು. ಅಷ್ಟು ಜನ ಬಿಟ್ಟು ಬರುತ್ತಿರುವ ಊರಿಗೆ ನಾವು ಹೋಗುತ್ತಿರುವುದು ಸರಿಯೇ ಎಂಬ ಪ್ರಶ್ನೆ ನನ್ನನ್ನು ಆ ದಾರಿಯುದ್ದಕ್ಕೂ ಬಿಡಲಿಲ್ಲ. ನಮ್ಮನ್ನು ಯಾರೂ ರಕ್ಷಿಸಲು ಬರಬೇಕಾಗದಂತೆ ಇರಬೇಕು, ಅಲ್ಲಿಗೆ ಒಯ್ದ ನೀರು ಮತ್ತು ಪೆಟ್ರೋಲು ಅಲ್ಲಿಯವರಿಗೇ ಉಳಿಯುವಂತೆ ನೋಡಿಕೊಳ್ಳಬೇಕು ಎಂಬ ಎರಡು ಕಟ್ಟುಪಾಡುಗಳನ್ನು ನಾನು ಹಾಕಿಕೊಂಡಿದ್ದೆ. ಇವೆರಡೂ ಆಗದೆಂದು ತೋರಿದರೆ ತಿರುಗಿ ಬರುವುದೆಂದು ಭಾವಮೈದುನನಿಗೂ ಹೇಳಿದ್ದೆ.

ರಾಕ್‌ಪೋರ್ಟ್ ಚಿತ್ರಕಾರರೂ ಮೀನುಗಾರರೂ ಇರುವ ಚಿಕ್ಕ ಊರು. ಅಲ್ಲಿನ ಓಕ್ ಮರಗಳೆಲ್ಲ ಕೊಲ್ಲಿಯ ಗಾಳಿಗೆ ಬಗ್ಗಿ ಬಗ್ಗಿಯೇ ಬೆಳೆದು, ಸಮುದ್ರಕ್ಕೆ ಬೆನ್ನು ಹಾಕಿದ ಮುದುಕರಂತೆ ನಿಂತಿವೆ. ಉಳಿದುಕೊಳ್ಳುವವರು, ಸತ್ತರೆ ಗುರುತು ಸಿಗಲೆಂದು, ತಮ್ಮ ತೋಳಿನ ಮೇಲೆ ಅಳಿಸದ ಮಸಿಯಿಂದ ಹೆಸರನ್ನೂ ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯನ್ನೂ ಬರೆದುಕೊಳ್ಳಲಿ ಎಂದು ಊರಿನ ಹಂಗಾಮಿ ಮೇಯರ್ ಆ ದಿನ ಹೇಳಿದರು. ಅದನ್ನು ರೇಡಿಯೋದಲ್ಲಿ ಕೇಳಿದ ಮೇಲೆ ಇಬ್ಬರಿಗೂ ಡಬ್ಬಿಯ ಪುಳಿಯೋಗರೆ ಗಂಟಲಲ್ಲಿ ಇಳಿಯಲಿಲ್ಲ.

ಹರಿಕೇನ್ ಬೆನ್ನಟ್ಟುವುದೆಂದರೆ ಗಾಡಿ ಓಡಿಸುವುದೆಂದು ತಿಳಿಯದವರು ಭಾವಿಸುತ್ತಾರೆ. ಸುಂಟರಗಾಳಿಯ ವಿಷಯದಲ್ಲಿ ಅದು ನಿಜವಿರಬಹುದು. ಹರಿಕೇನ್‌ನಲ್ಲಿ ಗಾಡಿಯನ್ನು ಎಲ್ಲಿ ನಿಲ್ಲಿಸುತ್ತೀರಿ ಎಂಬುದೇ ಎಲ್ಲವೂ. ಸಮುದ್ರ ಆರರಿಂದ ಹನ್ನೆರಡು ಅಡಿ ಉಕ್ಕಬಹುದೆಂಬ ಮುನ್ಸೂಚನೆಯಿದ್ದುದರಿಂದ ದಡದ ಬೀದಿಗಳನ್ನು ಮೊದಲೇ ಬಿಟ್ಟೆವು. ಒಳಗಿನ ದಿಣ್ಣೆಯ ಮೇಲೆ, ಎಲ್ ಆಕಾರದ ಮೂರು ಅಂತಸ್ತಿನ ಹೋಟೆಲೊಂದರಲ್ಲಿ ಎರಡನೆಯ ಅಂತಸ್ತಿನ ಒಂದು ಕೋಣೆ ಸಿಕ್ಕಿತು. ನಮ್ಮ ದೇಶದಲ್ಲಿ ಆಗುವಂತೆಯೇ ಇಲ್ಲಿಯೂ ಚಂಡಮಾರುತ ಅಪ್ರದಕ್ಷಿಣವಾಗಿ ಸುತ್ತುತ್ತದೆ. ಅದು ಆಗ್ನೇಯದಿಂದ ನೇರ ನಮ್ಮ ಮೇಲೆ ಬರುತ್ತಿದ್ದುದರಿಂದ ಮೊದಲ ಅರ್ಧದ ಗಾಳಿ ಈಶಾನ್ಯದಿಂದಲೂ, ಅದರ ನಡುವಿನ ಶಾಂತ ಭಾಗವಾದ ಕಣ್ಣು ದಾಟಿದ ಮೇಲಿನ ಗಾಳಿ ನೈಋತ್ಯದಿಂದಲೂ ಬೀಸಬೇಕು. ಪಿಕಪ್ಪನ್ನು ಕಟ್ಟಡದ ನೈಋತ್ಯ ಮಗ್ಗುಲಿಗೆ, ಗೋಡೆಯಿಂದ ಒಂದು ಮಾರು ದೂರದಲ್ಲಿ, ಮರಗಳಿಲ್ಲದ ಕಡೆ, ಹೊರಡುವ ದಿಕ್ಕಿಗೆ ಮೂತಿ ಮಾಡಿ ನಿಲ್ಲಿಸಿದೆವು.

ಸಂಜೆ ಆರರ ಸುಮಾರಿಗೆ ಹಾರ್ವಿ ಐದು ದರ್ಜೆಗಳಲ್ಲಿ ನಾಲ್ಕನೆಯದಕ್ಕೆ ಏರಿತೆಂಬ ಸುದ್ದಿ ಬಂತು. ಟೆಕ್ಸಾಸಿಗೆ ಅಂಥದೊಂದು ಬಂದು ದಶಕಗಳೇ ಕಳೆದಿದ್ದವು. ಎಂಟಕ್ಕೆ ಕರೆಂಟು ಹೋಯಿತು. ಒಂಬತ್ತರ ಮೇಲೆ ಗಾಳಿಯ ಸದ್ದು ಸದ್ದಾಗಿ ಉಳಿಯಲಿಲ್ಲ. ಗೋಡೆಗೆ ಅಂಗೈ ಇಟ್ಟರೆ ಅದು ಮೈಯೊಳಗೆ ಹರಿಯುತ್ತಿತ್ತು. ಸ್ನಾನದ ಮನೆಯ ಕಮೋಡಿನಲ್ಲಿದ್ದ ನೀರು ತಾನಾಗಿ ಏರಿ ಇಳಿಯುತ್ತಿರುವುದನ್ನು ಭಾವಮೈದುನ ಟಾರ್ಚ್ ಹಿಡಿದು ತೋರಿಸಿದ. ಕಟ್ಟಡವೇ ಉಸಿರಾಡುತ್ತಿದೆಯೇನೋ ಎಂಬಂತಿತ್ತು. ಎಲ್ಲೋ ಮೇಲೆ ಛಾವಣಿಯ ಒಂದು ಭಾಗ ಉದ್ದಕ್ಕೆ ಹರಿದುಹೋದ ಸದ್ದಾಯಿತು, ಆಮೇಲೆ ಕಾರಿಡಾರಿನಲ್ಲಿ ನೀರು ಸುರಿಯತೊಡಗಿತು. ನಾನು ಸ್ನಾನದ ತೊಟ್ಟಿಯೊಳಗೆ ಕುಳಿತು, ಮೊಣಕಾಲ ಮೇಲೆ ಪುಸ್ತಕವಿಟ್ಟು, ಐದು ನಿಮಿಷಕ್ಕೊಮ್ಮೆ ಒತ್ತಡವನ್ನು ಮಿಲಿಬಾರುಗಳಲ್ಲಿ ಬರೆಯುತ್ತಿದ್ದೆ: 968, 963, 957. ಕಿವಿಗಳು ಘಾಟಿ ಏರುವಾಗಿನಂತೆ ಕಟ್ಟಿಕೊಳ್ಳುತ್ತಿದ್ದವು.

ರಾತ್ರಿ ಹತ್ತರ ಸುಮಾರಿಗೆ ಹಾರ್ವಿಯ ಕೇಂದ್ರ ಎದುರಿನ ಸ್ಯಾನ್ ಹೋಸೆ ದ್ವೀಪದ ಮೇಲೆ ನೆಲ ಮುಟ್ಟಿತು. ಆಗ ಅದರ ಗಾಳಿ ಗಂಟೆಗೆ 130 ಮೈಲಿ, ಎಂದರೆ ಸುಮಾರು 210 ಕಿಲೋಮೀಟರ್. ಕೇಂದ್ರದ ಒತ್ತಡ 937 ಮಿಲಿಬಾರ್. ಆಮೇಲೆ, ಯಾರೋ ಬಾಗಿಲು ಹಾಕಿಕೊಂಡಂತೆ, ಗಾಳಿ ಕೆಲವೇ ನಿಮಿಷಗಳಲ್ಲಿ ಇಳಿಯಿತು. ಕಣ್ಣು ನಮ್ಮ ಮೇಲೆ ಬಂದಿತ್ತು. ನನ್ನ ಮಾಪಕ 941ರಲ್ಲಿ ನಿಂತಿತು.

"ಭಾವ, ಗಾಡಿ ತಿರುಗಿಸೋಣ, ಬನ್ನಿ," ಎಂದು ಅವನೇ ನೆನಪಿಸಿದ. ಕಣ್ಣಿನೊಳಗೆ ಹೊರಗೆ ಬಂದು ಅಡ್ಡಾಡುವುದು ಮೋಸದ ಕೆಲಸ. ಕಣ್ಣಿನ ಆಚೆಯ ಗಾಳಿಯ ಗೋಡೆ ಯಾವ ಕ್ಷಣದಲ್ಲಾದರೂ ಬರಬಹುದು. ಮೆಟ್ಟಿಲಿಳಿದು ಟಾರ್ಚ್ ಹಾಕಿದಾಗ ಪಿಕಪ್ಪಿನ ಮೈಗೆ ಹಸಿರು ಬಣ್ಣ ಬಳಿದಂತಿತ್ತು: ಓಕ್ ಎಲೆಗಳು ಅರೆದ ಚಟ್ನಿಯ ಹಾಗೆ ಗಾಜಿಗೂ ಬಾಗಿಲಿಗೂ ಮೆತ್ತಿಕೊಂಡಿದ್ದವು. ಛಾವಣಿಯ ಜಲ್ಲಿಕಲ್ಲುಗಳು ಹಾರಿ ಬಂದು ಒಂದು ಕಡೆಯ ದೀಪವನ್ನು ಒಡೆದಿದ್ದವು. ಮುಂದಿನ ಗಾಜಿನಲ್ಲಿ ಒಂದು ನಕ್ಷತ್ರದಂಥ ಬಿರುಕು, ಅಷ್ಟೆ. ಉಸಿರುಕಟ್ಟುವ ಸೆಕೆಯಲ್ಲಿ, ಕಪ್ಪೆಗಳ ದನಿ ಕೇಳುತ್ತಿರುವಾಗಲೇ, ಗಾಡಿಯನ್ನು ಎಲ್ ಆಕಾರದ ಇನ್ನೊಂದು ಮಗ್ಗುಲಿಗೆ ತಂದು ನಿಲ್ಲಿಸಿ ಒಳಗೆ ಓಡಿದೆವು. ಮಧ್ಯರಾತ್ರಿಯ ಹೊತ್ತಿಗೆ ನೈಋತ್ಯದ ಗಾಳಿ ಒಂದೇ ಸಲಕ್ಕೆ ಬಂದು ಹೊಡೆಯಿತು. ನಾವು ಮೊದಲು ಗಾಡಿ ನಿಲ್ಲಿಸಿದ್ದ ಜಾಗದ ಮೇಲೆ ಬೆಳಿಗ್ಗೆ ನೋಡಿದಾಗ ಏರ್ ಕಂಡೀಷನರ್ ಯಂತ್ರವೊಂದು ಮಗುಚಿ ಬಿದ್ದಿತ್ತು.

ಶನಿವಾರ, 26 ಆಗಸ್ಟ್

ಬೆಳಕು ಹರಿದಾಗ ಊರಿನ ಗುರುತೇ ಸಿಗಲಿಲ್ಲ. ವಿದ್ಯುತ್ ಕಂಬಗಳು ಮೊಣಕಾಲೂರಿದಂತೆ ಸಾಲಾಗಿ ಮಡಚಿಕೊಂಡಿದ್ದವು, ವಿಮಾನ ನಿಲ್ದಾಣದ ಹ್ಯಾಂಗರುಗಳ ತಗಡು ಹೊಲಗಳ ಮೇಲೆ ಹರಡಿತ್ತು. ಹತ್ತಿರದ ಗೂಸ್ ದ್ವೀಪದ ಉದ್ಯಾನದಲ್ಲಿರುವ, ಸಾವಿರ ವರ್ಷಕ್ಕೂ ಹಳೆಯದೆನ್ನುವ ಮಹಾ ಓಕ್ ಮರ ಮಾತ್ರ ಈ ರಾತ್ರಿಯನ್ನೂ ದಾಟಿಕೊಂಡಿತೆಂದು ಆಮೇಲೆ ತಿಳಿದು ಸಮಾಧಾನವಾಯಿತು.

ಚೈನ್‌ಸಾ ಕೆಲಸಕ್ಕೆ ಬಂದದ್ದು ಅಲ್ಲಿಯೇ. ಹೋಟೆಲಿನ ಹಿಂದಿನ ಬೀದಿಯ ಎರಡು ಮನೆಗಳ ಬಾಗಿಲಿಗೆ ಅಡ್ಡಬಿದ್ದ ಕೊಂಬೆಗಳನ್ನು ಕೊಯ್ದು, ಪಟ್ಟಿ ಕಟ್ಟಿ ಪಿಕಪ್ಪಿನಿಂದ ಎಳೆದು ದಾರಿ ಮಾಡಿಕೊಟ್ಟೆವು. ನೀರಿನ ಪೆಟ್ಟಿಗೆಗಳಲ್ಲಿ ಎರಡನ್ನು ಬಿಟ್ಟು ಉಳಿದವನ್ನು ಅಲ್ಲಿಯೇ ಇಳಿಸಿದೆವು, ಎರಡು ಕ್ಯಾನ್ ಪೆಟ್ರೋಲನ್ನು ಒಬ್ಬರ ಜನರೇಟರಿಗೆ ಕೊಟ್ಟೆವು. ಒತ್ತಡದ ಅಂಕಿಗಳನ್ನು ಹ್ಯಾಮ್ ರೇಡಿಯೋದಲ್ಲಿ ಓದಿ ಹೇಳಿ, ಹನ್ನೆರಡಕ್ಕೆ ಹೊರಟೆವು.

ಬಂದ ದಾರಿಯಲ್ಲಿ ಹಿಂದಿರುಗುವಂತಿರಲಿಲ್ಲ. ಹಾರ್ವಿ ಮುಂದೆ ಹೋಗದೆ ವಿಕ್ಟೋರಿಯದ ಆಚೆ ನಿಂತುಬಿಟ್ಟಿತ್ತು. ಚಂಡಮಾರುತಕ್ಕೆ ತನ್ನದೇ ಕಾಲಿಲ್ಲ. ಮೇಲ್ಮಟ್ಟದ ಗಾಳಿ ದೂಡಿದ ಕಡೆ ಅದು ಹೋಗಬೇಕು. ಎರಡು ಬದಿಯಲ್ಲಿಯೂ ಅಧಿಕ ಒತ್ತಡದ ಪ್ರದೇಶಗಳಿದ್ದು ಎರಡೂ ಎದುರುಬದುರು ದೂಡಿದ್ದರಿಂದ ಅದಕ್ಕೆ ದಾರಿಯೇ ಇಲ್ಲವಾಯಿತು. ನಾವು 188ರಲ್ಲಿ ಪಶ್ಚಿಮಕ್ಕೆ ಮ್ಯಾಥಿಸ್, ಅಲ್ಲಿಂದ ಉತ್ತರಕ್ಕೆ ಸ್ಯಾನ್ ಆಂಟೋನಿಯೊ, ಮತ್ತೆ ಪೂರ್ವಕ್ಕೆ ಐ-10 ಹೆದ್ದಾರಿ ಹಿಡಿದು, ಮುನ್ನೂರು ಮೈಲಿಗೂ ಹೆಚ್ಚು ದೂರ ಅದನ್ನು ಬಲಕ್ಕಿಟ್ಟುಕೊಂಡೇ ಸುತ್ತಿ ಬಂದೆವು. ಹೀಗೆ ಹಬ್ಬದ ಮಾರನೆಯ ದಿನ ನಾವು ಅದಕ್ಕೆ ಅರ್ಧ ಪ್ರದಕ್ಷಿಣೆ ಹಾಕಿದಂತಾಯಿತು. ಬಾಡಿಯಲ್ಲಿ ಉಳಿದಿದ್ದ ಎರಡು ಕ್ಯಾನುಗಳೇ ನಮ್ಮನ್ನು ಮನೆ ಮುಟ್ಟಿಸಿದವು. ದಾರಿಯ ಬಂಕುಗಳಲ್ಲೆಲ್ಲ ಸಾಲು ಅಥವಾ ಖಾಲಿ ಎಂಬ ಫಲಕ.

ರಾತ್ರಿ ಎಂಟಕ್ಕೆ ಮನೆ. ಹೆಂಡತಿ ಗಣಪತಿಗೆ ಮಂಗಳಾರತಿ ಎತ್ತುತ್ತಿದ್ದಳು. ಹತ್ತು ಗಂಟೆಗೆ ಮಳೆ ಶುರುವಾಯಿತು.

ಭಾನುವಾರ, 27 ಆಗಸ್ಟ್

ಕರಾವಳಿಯಲ್ಲಿ ಹುಟ್ಟಿದವನಿಗೆ ಮಳೆಯನ್ನು ಕಂಡು ಭಯವಾಗುವುದು ಸುಲಭವಲ್ಲ. ಆಟಿ ತಿಂಗಳ ಮಳೆಯಲ್ಲಿ ಶಾಲೆಗೆ ಹೋದವನು ನಾನು. ಆದರೆ ನಮ್ಮ ಊರಿನಲ್ಲಿ ಘಟ್ಟದಿಂದ ಸಮುದ್ರಕ್ಕೆ ಇಳಿಜಾರಿದೆ, ಬಿದ್ದ ನೀರಿಗೆ ಹೋಗುವ ಆತುರವಿರುತ್ತದೆ. ಹ್ಯೂಸ್ಟನ್ ತಟ್ಟೆಯಂತೆ ಸಪಾಟು. ಬಯೂ ಎಂದು ಕರೆಯುವ ನಿಧಾನದ ತೊರೆಗಳೇ ಅದರ ಗಟಾರ. ವರ್ಷಕ್ಕೆ ಸುಮಾರು 50 ಇಂಚು ಮಳೆ ಕಾಣುವ ಈ ಪ್ರದೇಶದಲ್ಲಿ, ಆ ಒಂದು ವಾರದಲ್ಲಿ, ಪೂರ್ವದ ನೆಡರ್‌ಲ್ಯಾಂಡಿನಲ್ಲಿ 60.58 ಇಂಚು ಬಿದ್ದಿತು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 1,539 ಮಿಲಿಮೀಟರ್. ಮಳೆಯ ನಕ್ಷೆಗೆ ಇದ್ದ ಬಣ್ಣಗಳು ಸಾಲದೆ ಹವಾಮಾನ ಸೇವೆಯವರು ಎರಡು ಹೊಸ ಬಣ್ಣಗಳನ್ನು ಸೇರಿಸಬೇಕಾಯಿತು.

ಬೆಳಿಗ್ಗೆ ಭಾವಮೈದುನನ ಕೋಣೆಯ ಗೆಳೆಯರಿಂದ ಫೋನ್ ಬಂತು. ವಿಶ್ವವಿದ್ಯಾಲಯದ ಸುತ್ತ ನೀರು. ಕೆಳಗಿನ ಮನೆಯವರೆಲ್ಲ ಮಹಡಿಗೆ ಹತ್ತಿದ್ದಾರೆ. ತಿನ್ನಲು ಅವಲಕ್ಕಿ ಮತ್ತು ಬಿಸ್ಕತ್ತು ಇದೆ. ಸುಮಾರು 200 ಭಾರತೀಯ ವಿದ್ಯಾರ್ಥಿಗಳು ಅಲ್ಲಿ ಸಿಕ್ಕಿಬಿದ್ದ ಸಂಗತಿಯನ್ನು ಮರುದಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅವರೇ ದೇಶಕ್ಕೆ ತಿಳಿಸಿದರು. ನಾವು ಮೂವತ್ತು ಮೈಲಿ ದೂರ ಹೋಗಿ ಕರೆತರುತ್ತೇವೆಂದು ಪಿಕಪ್ ತೆಗೆದೆವು. ಮೂರನೆಯ ತಿರುವಿನಲ್ಲಿಯೇ ಮೇಲ್ಸೇತುವೆಯ ಅಡಿಯಲ್ಲಿ ನೀರು ನಿಂತಿತ್ತು. ನಾನು ಇಳಿದು ಗುದ್ದಲಿಯ ಕಾವಿನಿಂದ ಅಳೆದೆ. ಹತ್ತು ಹೆಜ್ಜೆಗೆ 11 ಇಂಚು, ಇಪ್ಪತ್ತು ಹೆಜ್ಜೆಗೆ 19. ಅದರ ಮೇಲೆ ಸೆಳೆತ ಬೇರೆ.

"ನಮ್ಮದು ದೊಡ್ಡ ಗಾಡಿಯಲ್ವಾ ಭಾವ, ದಾಟುತ್ತೆ," ಎಂದ ಅವನು.

ಹರಿಯುವ ನೀರು ಆರು ಇಂಚಿದ್ದರೆ ಮನುಷ್ಯನನ್ನು ಕೆಡವುತ್ತದೆ, ಒಂದು ಅಡಿಯಿದ್ದರೆ ಸಣ್ಣ ಕಾರನ್ನು ತೇಲಿಸುತ್ತದೆ, ಎರಡು ಅಡಿಯಿದ್ದರೆ ಪಿಕಪ್ಪನ್ನೂ ಒಯ್ಯುತ್ತದೆ. ಎತ್ತರದ ಸೀಟಿನಲ್ಲಿ ಕುಳಿತವನಿಗೆ ಇದು ಮರೆತುಹೋಗುವುದೇ ಪಿಕಪ್ಪಿನ ನಿಜವಾದ ಅಪಾಯ. ಅವನಿಗೆ ಡ್ಯಾಶ್‌ಬೋರ್ಡಿನ ಚೀಟಿ ತೋರಿಸಿ ಗಾಡಿ ತಿರುಗಿಸಿದೆ. ಅವನು ಮನೆ ಬರುವವರೆಗೂ ಮಾತಾಡಲಿಲ್ಲ. ಅದೇ ದಿನ ನಗರದ ಇನ್ನೊಂದು ತುದಿಯಲ್ಲಿ, ಗ್ರೀನ್ಸ್ ಬಯೂ ಬಳಿ, ಒಂದೇ ಕುಟುಂಬದ ಆರು ಮಂದಿ ವ್ಯಾನಿನೊಳಗೆ ಸಿಕ್ಕಿ ತೀರಿಕೊಂಡಿದ್ದರು. ಆ ಸುದ್ದಿ ತಿಳಿದ ದಿನ ಅವನು ತಾನಾಗಿ ನನ್ನ ಬಳಿ ಬಂದು ಕುಳಿತ.

ಸೋಮವಾರ, 28 ಆಗಸ್ಟ್

ನಮ್ಮ ಮನೆಯ ಪೂರ್ವಕ್ಕೆ ಬಾರ್ಕರ್ ಎಂಬ ಜಲಾಶಯವಿದೆ, ಅದರ ಉತ್ತರಕ್ಕೆ ಆಡಿಕ್ಸ್. ಜಲಾಶಯವೆಂದರೆ ಸದಾ ನೀರು ತುಂಬಿದ್ದೆಂದು ತಿಳಿಯಬಾರದು. 1935ರ ಪ್ರವಾಹದ ನಂತರ, ನಗರದ ನಡುಭಾಗವನ್ನು ಉಳಿಸಲೆಂದು 1940ರ ದಶಕದಲ್ಲಿ ಸೇನೆಯ ಎಂಜಿನಿಯರುಗಳು ಕಟ್ಟಿದ ಮಣ್ಣಿನ ಒಡ್ಡುಗಳು ಅವು. ವರ್ಷದ ಬಹುಕಾಲ ಒಳಗೆ ಆಟದ ಮೈದಾನ, ಕುರುಚಲು ಕಾಡು. ನೀರು ಪೂರ್ತಿ ತುಂಬಿದರೆ ಎಲ್ಲಿಯವರೆಗೆ ನಿಲ್ಲುತ್ತದೋ ಆ ಗೆರೆಯ ಒಳಗೆ ಕಾಲಕ್ರಮದಲ್ಲಿ ಸಾವಿರಾರು ಮನೆಗಳೆದ್ದಿದ್ದವು. ಸೋಮವಾರ ನಸುಕಿನಲ್ಲಿ ಒಡ್ಡುಗಳ ಬಾಗಿಲು ತೆರೆದು ಬಫೆಲೊ ಬಯೂಗೆ ನೀರು ಬಿಟ್ಟರು. ಕೆಳಗಿನ ಬಡಾವಣೆಗಳಿಗೆ ಆ ನೀರು ನುಗ್ಗಿತು. ಮೇಲಿನ ಬಡಾವಣೆಗಳಲ್ಲಿ ಹಿಂದಕ್ಕೆ ನಿಂತ ನೀರು ಗಂಟೆ ಗಂಟೆಗೆ ಏರುತ್ತಲೇ ಇತ್ತು. ನಮ್ಮ ಮನೆ ಆ ಗೆರೆಯಿಂದ ಸ್ವಲ್ಪ ಆಚೆಗಿತ್ತು. ಕ್ಯಾನ್ಯನ್ ಗೇಟ್ ಎಂಬ ಬಡಾವಣೆ ಪೂರ್ತಿ ಒಳಗಿತ್ತು.

ಆ ಬಡಾವಣೆಯ ಹೆಬ್ಬಾಗಿಲ ಬಳಿ ಲೂಸಿಯಾನಾದಿಂದ ಬಂದ ಒಬ್ಬ ದೋಣಿಯವರು ಸಿಕ್ಕಿದರು. 2005ರ ಕ್ಯಾಟ್ರಿನಾ ಹರಿಕೇನ್ ಕಾಲದಿಂದ ಕೇಜನ್ ನೇವಿ ಎಂದು ಹೆಸರಾದ, ಸ್ವಂತ ದೋಣಿಗಳಲ್ಲಿ ಜನರನ್ನು ತೆಗೆಯುವ ಸಾಮಾನ್ಯರ ಪೈಕಿ ಅವರೂ ಒಬ್ಬರು. ರಾತ್ರಿಯಿಡೀ ಓಡಿಸಿ ಬಂದ ಅವರ ಗಾಡಿ ನೀರಿನಲ್ಲಿ ನಿಂತುಹೋಗಿತ್ತು. ದೋಣಿ, ಟ್ರೈಲರ್ ಚೆನ್ನಾಗಿದ್ದವು. ನನ್ನ ಪಿಕಪ್ಪಿಗೆ ಟ್ರೈಲರ್ ಕೊಕ್ಕೆಯಿತ್ತು, ನನಗೆ ಬೀದಿಗಳು ಗೊತ್ತಿದ್ದವು. ಎರಡು ಮಾತಿನಲ್ಲಿ ಒಪ್ಪಂದವಾಯಿತು. ಮರಳಿನ ಚೀಲಗಳನ್ನು ಇಳಿಸಿ, ಬಾಡಿಯಲ್ಲಿ ಕಂಬಳಿ ಹಾಸಿ, ಟಾರ್ಪಾಲನ್ನು ಚಪ್ಪರದಂತೆ ಕಟ್ಟಿದೆವು. ಪಿಕಪ್ಪು 15 ಇಂಚಿನ ನೀರಿನವರೆಗೆ ಹಿಂದುಮುಂದಾಗಿ ಹೋಗಿ ದೋಣಿ ಇಳಿಸುವುದು. ದೋಣಿ ಒಳಗಿನಿಂದ ಜನರನ್ನು ತರುವುದು. ನಾವು ಅವರನ್ನು ಬಾಡಿಯಲ್ಲಿ ಕೂರಿಸಿಕೊಂಡು ಶಾಲೆಯ ಆಶ್ರಯಕ್ಕೋ ನೆಂಟರ ಮನೆಗೋ ಮುಟ್ಟಿಸುವುದು. ಭಾವಮೈದುನ ಫೋನಿನಲ್ಲಿ ಜೆಲ್ಲೊ ಎಂಬ ವಾಕಿಟಾಕಿ ಆ್ಯಪ್ ಹಿಡಿದು, ಯಾರು ಎಲ್ಲಿ ಕರೆಯುತ್ತಿದ್ದಾರೆಂದು ಬರೆದುಕೊಳ್ಳುತ್ತಿದ್ದ.

ದೋಣಿಯವರು ಮೊದಲ ಸುತ್ತಿನಲ್ಲಿಯೇ ನನಗೊಂದು ಪಾಠ ಕಲಿಸಿದರು. ನಾನು ಆತುರದಲ್ಲಿ ಸ್ವಲ್ಪ ವೇಗವಾಗಿ ಹೋದಾಗ ಕೈಯೆತ್ತಿ ನಿಲ್ಲಿಸಿ ಎರಡೂ ಬದಿಯ ಮನೆಗಳನ್ನು ತೋರಿಸಿದರು. ನನ್ನ ಗಾಡಿ ಎಬ್ಬಿಸಿದ ಅಲೆ ಒಂದು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಹೋಗುತ್ತಿತ್ತು. ಅಲ್ಲಿಯವರೆಗೆ ಆ ಮನೆಯೊಳಗೆ ನೀರು ಬಂದಿರಲಿಲ್ಲ. ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ಹೆಂಗಸು ನನ್ನನ್ನು ನೋಡಿದ ನೋಟ ಈಗಲೂ ಕಣ್ಣಮುಂದಿದೆ. ಇಳಿದು ಹೋಗಿ ಕ್ಷಮೆ ಕೇಳಿದೆ. ಆಮೇಲೆ ದಿನವಿಡೀ ಮನುಷ್ಯ ನಡೆಯುವ ವೇಗಕ್ಕಿಂತ ಹೆಚ್ಚು ಹೋಗಲಿಲ್ಲ.

ಮಧ್ಯಾಹ್ನದ ನಾಲ್ಕನೆಯ ಸುತ್ತಿನಲ್ಲಿ ದೋಣಿಯಿಂದ ಇಳಿದವರು ಮೈಸೂರಿನ ವೃದ್ಧ ದಂಪತಿ. ಮಗನ ಮನೆಗೆಂದು ಬಂದಿದ್ದರು; ಮಗ ಮತ್ತು ಸೊಸೆ ಮಕ್ಕಳನ್ನು ಕರೆದುಕೊಂಡು ಹಿಂದಿನ ದೋಣಿಯಲ್ಲಿ ಬರುವವರಿದ್ದರು. ಅಜ್ಜಿ ಎದೆಗೆ ಏನನ್ನೋ ಟವೆಲಿನಲ್ಲಿ ಸುತ್ತಿ ಅವುಚಿಕೊಂಡಿದ್ದರು, ಕೈ ಹಿಡಿದು ಇಳಿಸಲು ಹೋದರೆ ಕೈ ಕೊಡಲೊಲ್ಲರು. ಮಗುವಿರಬೇಕೆಂದು ನಾನು ಗಾಬರಿಯಾದೆ. ಟವೆಲಿನ ತುದಿ ಸರಿದಾಗ ಮಣ್ಣಿನ ಸೊಂಡಿಲು ಕಂಡಿತು.

"ವಿಸರ್ಜನೆ ಮಂತ್ರ ಹೇಳದೇನೇ ನೀರು ಪಾಲು ಮಾಡೋದು ಹೇಗಪ್ಪಾ? ಅದೂ ಈ ಮೋರಿ ನೀರಿಗೆ?" ಎಂದರು ಅಜ್ಜಿ.

ನಾನು ಕನ್ನಡದಲ್ಲಿ ಉತ್ತರಿಸಿದ್ದನ್ನು ಕೇಳಿ ಅವರ ಮುಖ ಅರಳಿತು, ಮರುಕ್ಷಣವೇ ಅಳು ಬಂದಿತು. ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಗಣಪತಿಯ ಒಂದು ಕಿವಿ ಒದ್ದೆಯಾಗಿ ಮೆತ್ತಗಾಗಿತ್ತು. ದಾರಿಯುದ್ದಕ್ಕೂ ಅವರು ಸೆರಗಿನಿಂದ ಅದನ್ನು ಒತ್ತಿ ಹಿಡಿದಿದ್ದರು. ಆಶ್ರಯಕ್ಕೆ ಬೇಡ, ನಮ್ಮ ಮನೆಗೇ ಬನ್ನಿ ಎಂದೆ. ಆ ರಾತ್ರಿ ನಮ್ಮ ಮನೆಯಲ್ಲಿ ಹದಿಮೂರು ಜನ, ಮಂಟಪದಲ್ಲಿ ಎರಡು ಗಣಪತಿ. ಹೆಂಡತಿ ದೊಡ್ಡ ಪಾತ್ರೆಯಲ್ಲಿ ಬಿಸಿಬೇಳೆ ಬಾತ್ ಮಾಡಿದಳು. ಹಬ್ಬಕ್ಕೆಂದು ತಂದಿದ್ದ ಬೇಳೆಯೆಲ್ಲ ಅಂದು ಮುಗಿಯಿತು.

ಮಂಗಳವಾರ, 29 ಆಗಸ್ಟ್

ಅದೇ ಕೆಲಸ, ಅದೇ ಬೀದಿ. ನೀರು ಹೆಚ್ಚಿದ್ದರಿಂದ ದೋಣಿ ಇಳಿಸುವ ಜಾಗ ಎರಡು ಅಡ್ಡರಸ್ತೆಗಳಷ್ಟು ಹಿಂದಕ್ಕೆ ಬಂದಿತ್ತು. ಮನುಷ್ಯರಿಗಿಂತ ನಾಯಿಗಳು, ಔಷಧದ ಡಬ್ಬಿಗಳು, ಒಬ್ಬರ ಆಮ್ಲಜನಕದ ಯಂತ್ರ ಹೆಚ್ಚಾಗಿ ಬಂದವು. ಸಂಜೆಗೆ ಮಳೆ ತೆಳುವಾಯಿತು. ವಿಶ್ವವಿದ್ಯಾಲಯದ ಹುಡುಗರಿಗೆ ಊಟ ತಲುಪಿತೆಂದು ಫೋನ್ ಬಂತು.

ದೋಣಿಯವರು ಆ ಸಂಜೆಯೇ ಹೊರಟರು. ಕೊಲ್ಲಿಗೆ ಮತ್ತೆ ಇಳಿದಿದ್ದ ಹಾರ್ವಿ ಈಗ ಅವರ ಊರಿನ ಕಡೆಗೇ ತಿರುಗಿತ್ತು. ಅವರ ಗಾಡಿಯನ್ನು ನನ್ನ ಪಟ್ಟಿಯಿಂದ ಎಳೆದು ಒಣನೆಲಕ್ಕೆ ತಂದಿದ್ದೆವು; ಎಂಜಿನ್ ಎರಡನೆಯ ದಿನಕ್ಕೆ ಹೇಗೋ ಹೊತ್ತಿಕೊಂಡಿತು. ಉಳಿದಿದ್ದ ಪೆಟ್ರೋಲನ್ನು ಅವರ ಟ್ಯಾಂಕಿಗೆ ಸುರಿದೆ. ಹೆಸರು ಹೇಳಿಕೊಂಡೆವು, ಕೈ ಕುಲುಕಿದೆವು, ಅಷ್ಟೇ. ಬುಧವಾರ ನಸುಕಿನಲ್ಲಿ ಹಾರ್ವಿ ಲೂಸಿಯಾನಾದ ಕ್ಯಾಮರನ್ ಬಳಿ ಕೊನೆಯ ಸಲ ನೆಲ ಮುಟ್ಟಿತು.

ಗುರುವಾರ, 31 ಆಗಸ್ಟ್

ಬುಧವಾರದ ಬಿಸಿಲಿನಲ್ಲಿ ಎಲ್ಲರೂ ನಿದ್ದೆ ಮಾಡಿದೆವು, ಬರೆಯುವಂಥದೇನೂ ಇಲ್ಲ. ಗುರುವಾರ ಬೆಳಿಗ್ಗೆ ಪಿಕಪ್ಪನ್ನು ಜಾಕಿನ ಮೇಲೆತ್ತಿ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಬಿರಡೆ ಬಿಚ್ಚಿದೆ. ಜೇನಿನ ಬಣ್ಣದಲ್ಲಿರಬೇಕಾದ ಎಣ್ಣೆ ಹಾಲು ಹಾಕಿದ ಕಾಫಿಯಂತೆ ಇಳಿಯಿತು. ನೀರು ಒಳಗೆ ಹೋಗಿತ್ತು. ಎರಡು ಸಲ ಹೊಸ ಎಣ್ಣೆ ಹಾಕಿ ತೊಳೆದು, ಮೂರನೆಯ ಸಲದ್ದನ್ನು ಉಳಿಸಿದೆ. ಬ್ರೇಕುಗಳೊಳಗೆ ರಾಕ್‌ಪೋರ್ಟಿನ ಮರಳೂ ಕೇಟಿಯ ಕೆಸರೂ ಒಂದರ ಮೇಲೊಂದು ಪದರವಾಗಿ ಕುಳಿತಿದ್ದವು. ಬಾಡಿಯ ಮೂಲೆಯಲ್ಲಿ ಒಂದು ಮಗುವಿನ ಕಾಲುಚೀಲ ಸಿಕ್ಕಿತು. ಅದು ಯಾರದೆಂದು ಪತ್ತೆಯಾಗಲಿಲ್ಲ. ಈಗಲೂ ಗಾಡಿಯ ಮುಂದಿನ ಪೆಟ್ಟಿಗೆಯಲ್ಲಿದೆ.

ಏಳನೆಯ ದಿನವೆಂದು ಸಂಜೆಗೆ ವಿಸರ್ಜನೆ ಇಟ್ಟುಕೊಂಡೆವು. ಅಜ್ಜಿಯ ಮಗನ ಮನೆಯಲ್ಲಿ ಆಗಲೂ ಎದೆಮಟ್ಟದ ನೀರಿತ್ತು. ಅದು ಇಳಿಯಲು ಇನ್ನೂ ದಿನಗಳು ಬೇಕಿದ್ದವು. ಆದರೂ ಅವರು ಬೆಳಗಿನಿಂದಲೇ ಮಡಿಯುಟ್ಟು, ನಲ್ಲಿಯ ನೀರು ಶುದ್ಧವಿದೆಯೇ ಎಂದು ನನ್ನನ್ನು ಎರಡು ಸಲ ಕೇಳಿದ್ದರು. ಹೊಸ ಬಕೆಟ್ಟಿನಲ್ಲಿ ನೀರು ತುಂಬಿ ಅರಿಶಿನ, ಹೂವು ಹಾಕಿದರು. ಮೊದಲು ನಮ್ಮ ಗಣಪತಿ, ಆಮೇಲೆ ಕಿವಿ ಮೆತ್ತಗಾಗಿದ್ದ ಅವರದು. ಮೂರು ಸಲ ಮುಳುಗಿಸಿ ಎತ್ತಿ, ನಾಲ್ಕನೆಯ ಸಲ ಕೈಬಿಟ್ಟರು. ಮಕ್ಕಳು ಬಕೆಟ್ಟಿನ ಸುತ್ತ ಕುಳಿತು ಗುಳ್ಳೆಗಳು ಏಳುವುದನ್ನು ನೋಡುತ್ತಿದ್ದರು. ಮಣ್ಣು ಪೂರ್ತಿ ಕರಗಲು ರಾತ್ರಿಯಾಯಿತು. ಆ ನೀರನ್ನು ಅಂಗಳದ ಓಕ್ ಮರದ ಬುಡಕ್ಕೆ ಹಾಕಬೇಕೆಂದು ನಾನೂ ಭಾವಮೈದುನನೂ ಬಕೆಟ್ಟನ್ನು ಎರಡು ಬದಿಯಲ್ಲಿ ಹಿಡಿದು, ಜಾಕಿನ ಮೇಲೆ ಇನ್ನೂ ನಿಂತಿದ್ದ ಪಿಕಪ್ಪಿನ ಪಕ್ಕದಿಂದ, ಚೆಲ್ಲದ ಹಾಗೆ ಮೆಲ್ಲಗೆ ನಡೆದೆವು.